ಹತ್ತು ದಿನ ಅಂತ ಬಂದವಳು

ಜಯಕುಮಾರ ಹೇಳಿದ್ದು ಹತ್ತು ದಿನ. ಅಂಬುಜಮ್ಮನಿಗೆ ಇದರಲ್ಲಿ ಅನುಮಾನವೇ ಇಲ್ಲ. ಆವತ್ತು ಫೋನಿನಲ್ಲಿ ಎರಡೆರಡು ಸಲ ಕೇಳಿ ಗಟ್ಟಿ ಮಾಡಿಕೊಂಡಿದ್ದಳು. ಬೆಂಗಳೂರಿನ ಕೃಷಿ ಕಾಲೇಜೊಂದರಲ್ಲಿ ರೇಷ್ಮೆ ವಿಭಾಗದ ಸಹಾಯಕನಾಗಿದ್ದ ಈ ತಮ್ಮ, "ಅಕ್ಕಾ, ವಿದ್ಯಾರ್ಥಿ ವಿನಿಮಯ ಅಂತ ಹೊರದೇಶದಿಂದ ಒಂದು ಹೆಣ್ಮಗಳು ಬಂದವ್ಳೆ. ಹಳ್ಳೀಲಿ ಹುಳ ಸಾಕೋದು ನೋಡ್ಬೇಕಂತೆ. ಹತ್ತು ದಿನ ಮನೇಲಿ ಮಡೀಕೋ" ಎಂದಿದ್ದ. ಈಗ ಅಕ್ಟೋಬರ್ ತಿಂಗಳ ಕೊನೆ. ಹುಡುಗಿ ಬಂದು ಐವತ್ತು ದಿನವಾಗಿತ್ತು. ಅವಳು ತನ್ನ ದೇಶಕ್ಕೆ ಹೊರಡಲು ಇನ್ನೂ ನಾಲ್ಕು ವಾರ ಬಾಕಿ ಇತ್ತು.

ಹುಡುಗಿಯ ಹೆಸರು ನಿಗೋರಾ. ಇಪ್ಪತ್ತೊಂದು ವಯಸ್ಸು, ಸೊಂಟದವರೆಗೆ ಜಡೆ, ಕೈಯಲ್ಲಿ ಯಾವಾಗಲೂ ಒಂದು ನೋಟ್‌ಬುಕ್ಕು. ಅಂಬುಜಮ್ಮನ ಗಂಡ ಕೃಷ್ಣಪ್ಪ ಆ ಹೆಸರನ್ನು ಮೊದಲ ದಿನವೇ ನಿಂಗವ್ವ ಮಾಡಿಬಿಟ್ಟ. ಇಡೀ ದೊಡ್ಡಆಲಹಳ್ಳಿಗೆ ಅವಳು ನಿಂಗವ್ವಳೇ ಆದಳು. ಉಜ್ಬೇಕಿಸ್ತಾನದವಳು ಅಂತ ಜಯಕುಮಾರ ಹೇಳಿದಾಗ ಅಂಬುಜಮ್ಮನ ಎದೆ ಧಸಕ್ಕೆಂದಿತ್ತು. ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ತೆಗೆದುಬಿಡುವ ಊಜಿ ನೊಣಕ್ಕೂ ಈ ದೇಶಕ್ಕೂ ಏನೋ ನಂಟಿರಬೇಕೆಂದು ಅವಳಿಗನ್ನಿಸಿತ್ತು. ಅದಕ್ಕೆ ಸರಿಯಾಗಿ ಹುಡುಗಿ ಕಾರಿನಿಂದ ಇಳಿದವಳೇ ಹುಳುಮನೆಯ ಕಡೆ ಕೈ ತೋರಿಸಿ "ತೂತ್! ತೂತ್!" ಎಂದು ಕೂಗಿಕೊಂಡಳು. ಅಂಬುಜಮ್ಮ ಕೈಯಲ್ಲಿದ್ದ ಬಿಂದಿಗೆಯನ್ನು ಅಲ್ಲೇ ಇಟ್ಟು ಓಡಿದಳು. ನೊಣ ಬಾರದ ಹಾಗೆ ಕಿಟಕಿಗೆ ಕಟ್ಟಿದ್ದ ಪರದೆಯನ್ನು ಮೇಲಿಂದ ಕೆಳಗೆ ಇಂಚಿಂಚೂ ತಡವಿದಳು. ಎಲ್ಲೂ ತೂತಿರಲಿಲ್ಲ. ಹುಳುಮನೆಯ ಹಿಂದಿದ್ದ ಹಿಪ್ಪುನೇರಳೆ ತೋಟಕ್ಕೆ ಅವರ ಭಾಷೆಯಲ್ಲಿ ತೂತ್ ಅನ್ನುತ್ತಾರಂತೆ. ಅದನ್ನು ಜಯಕುಮಾರ ಬಿಡಿಸಿ ಹೇಳುವ ಹೊತ್ತಿಗೆ ಅಂಬುಜಮ್ಮನಿಗೆ ಬೆವರು ಕಿತ್ತುಕೊಂಡಿತ್ತು. ಕೃಷ್ಣಪ್ಪ ಮಾತ್ರ ಜಗಲಿಯ ಮೇಲೆ ಬಿದ್ದು ಬಿದ್ದು ನಗುತ್ತಿದ್ದ.

ಅಂಬುಜಮ್ಮ ಹುಟ್ಟಿದ್ದು ಬೈರಮಂಗಲದಲ್ಲಿ. ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಊರಿಗೆ ಬಂದಳು. ತವರಿನಲ್ಲಿ ರೇಷ್ಮೆ ಹುಳ ಮುಟ್ಟಿದವಳಲ್ಲ. ಬಂದ ಹೊಸದರಲ್ಲಿ ಹುಳ ಕಂಡರೆ ಮೈ ಜುಂ ಎನ್ನುತ್ತಿತ್ತು. ಅತ್ತೆ ಅವಳ ಅಂಗೈ ಹಿಡಿದು ಒಂದು ಹಿಡಿ ಹುಳ ಸುರಿದು, "ಇವು ಅನ್ನ ಕೊಡೋವು, ಅಸಹ್ಯ ಪಡಬ್ಯಾಡ" ಎಂದಿದ್ದರು. ಅದಾಗಿ ಮೂವತ್ತಾರು ವರ್ಷ. ವರ್ಷಕ್ಕೆ ಆರು ಬೆಳೆ. ಹುಳ ಸೊಪ್ಪು ತಿನ್ನುವ ಸದ್ದು ಕೇಳಿಯೇ ಹಸಿವೆಷ್ಟಿದೆ ಎಂದು ಹೇಳುವಷ್ಟು ಅವಳು ಪಳಗಿದ್ದಳು. ಮಗಳು ಸಿರಿಯನ್ನು ಮಾಗಡಿ ಕಡೆಯ ಕೆಂಪಾಪುರಕ್ಕೆ ಕೊಟ್ಟಿದ್ದಾಯಿತು, ಹುಳುಮನೆಗೆ ತಗಡು ಹೋಗಿ ಸಿಮೆಂಟ್ ಶೀಟು ಬಂತು, ಬಿದಿರಿನ ತಟ್ಟೆ ಹೋಗಿ ಕಬ್ಬಿಣದ ಅಟ್ಟಣೆ ಬಂತು. ಈ ಮೂವತ್ತಾರು ವರ್ಷದಲ್ಲಿ ಹುಳುಮನೆಯೊಳಗೆ ನಿಂತು ಅವಳಿಗೆ ಎದುರು ಹೇಳಿದವರು ಯಾರೂ ಇರಲಿಲ್ಲ.

ನಿಗೋರಾ ಎದುರು ಹೇಳುತ್ತಿರಲಿಲ್ಲ. ಅದೇ ತೊಂದರೆ. ಅವಳು ಕೇಳುತ್ತಿದ್ದಳು.

"ಅಕ್ಕ, ಸೊಪ್ಪು ಯಾಕೆ ಇಷ್ಟು ಹಾಕ್ತೀ? ಅಕ್ಕ, ಸುಣ್ಣ ಯಾಕೆ ಈಗ? ಅಕ್ಕ, ನಮ್ಮಜ್ಜಿ ಹಿಂಗೆ ಮಾಡಲ್ಲ."

ಜಯಕುಮಾರ ಅಕ್ಕ ಎಂದು ಕರೆಯುವುದನ್ನು ಕೇಳಿ ಕಲಿತದ್ದು ಆ 'ಅಕ್ಕ'. ಮಗಳಿಗಿಂತ ಚಿಕ್ಕವಳು ಅಕ್ಕ ಅಂದರೆ ಹೇಗೆ, ಅವ್ವ ಅನ್ನು ಎಂದು ಅಂಬುಜಮ್ಮ ನಾಲ್ಕಾರು ಸಲ ತಿದ್ದಿದಳು. ಹುಡುಗಿ "ಆಯ್ತು ಅಕ್ಕ" ಎಂದು ತಲೆಯಾಡಿಸಿದಳು. ತೋಟದಲ್ಲಿ ಗಂಡಸರ ಮಾತು ಕೇಳಿ ಕಲಿತ ಕನ್ನಡದಲ್ಲಿ ಒಂದು ಬೆಳಿಗ್ಗೆ "ಏನ್ಲಾ ಕೃಷ್ಣಪ್ಪ, ಕಾಪಿ ಆಯ್ತಾ?" ಎಂದು ಕೇಳಿದಾಗಲಂತೂ ಅಂಬುಜಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. ಕೃಷ್ಣಪ್ಪ ಅದನ್ನು ಹಾಲಿನ ಡೇರಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದ.

ಹುಡುಗಿಯ ಅಜ್ಜಿ ಆ ದೇಶದ ಮಾರ್ಗಿಲಾನ್ ಎಂಬ ಊರಿನ ಪಕ್ಕದ ಹಳ್ಳಿಯಲ್ಲಿ ನಲವತ್ತು ವರ್ಷ ಹುಳ ಸಾಕಿದವರಂತೆ. ಅಂದರೆ ಒಂದೇ ಹುಳುಮನೆಯಲ್ಲಿ ಇಬ್ಬರು ಯಜಮಾನಿಯರು. ಒಬ್ಬಳು ಇಲ್ಲಿ ನಿಂತಿದ್ದಾಳೆ, ಇನ್ನೊಬ್ಬಳು ಮೂರು ಸಾವಿರ ಕಿಲೋಮೀಟರ್ ದೂರದಲ್ಲಿ ಕೂತು ಮೊಮ್ಮಗಳ ಬಾಯಿಂದ ಮಾತಾಡುತ್ತಿದ್ದಾಳೆ.

ಅಕ್ಟೋಬರ್ ಕೊನೆಯಲ್ಲಿ ನಿಗೋರಾಗೆ ಒಂದು ಆಸೆ ಹುಟ್ಟಿತು. ಎರಡು ಜ್ವರ ಎದ್ದ, ಅಂದರೆ ಎರಡು ಸಲ ಚರ್ಮ ಬಿಟ್ಟ ಎಳೆ ಹುಳ ತರಿಸಿ, ಗೂಡು ಬಿಡಿಸಿ, ರಾಮನಗರದ ಮಾರುಕಟ್ಟೆಯಲ್ಲಿ ತೂಗಿಸುವ ತನಕ ಒಂದು ಪೂರ್ತಿ ಬೆಳೆಯನ್ನು ತಾನೇ ಕಾಣಬೇಕು. ಹಿಂದಿನ ಬೆಳೆಯಲ್ಲಿ ಕಾಲೇಜಿನವರು ಅರ್ಧಕ್ಕೇ ನಾಲ್ಕು ದಿನ ಬೆಂಗಳೂರಿಗೆ ಕರೆಸಿಕೊಂಡಿದ್ದರು. ಈಗ ವಿಮಾನ ನವೆಂಬರ್ ಇಪ್ಪತ್ನಾಲ್ಕಕ್ಕೆ. ಅಂಬುಜಮ್ಮ ಲೆಕ್ಕ ಹಾಕಿ ಹೇಳಿದಳು, "ಬ್ಯಾಡ. ಮೋಡದ ಕಾಲ. ಒಸಿ ಚಳಿ ಹಿಡಿದ್ರೂ ಹುಳ ತಡ ಮಾಡ್ತವೆ. ಕೊನೇಗೆ ನೀನು ವಿಮಾನ ನೋಡ್ತೀಯಾ, ಹುಳ ನೋಡ್ತೀಯಾ?"

ಹುಡುಗಿ ನೋಟ್‌ಬುಕ್ಕು ಮುಚ್ಚಿ ಒಳಗೆ ಹೋದಳು. ಆದರೆ ಸಂಜೆ ಕೃಷ್ಣಪ್ಪ ಕನಕಪುರದಿಂದ ಬಂದವನೇ, "ನೂರು ಮೊಟ್ಟೆ ಹುಳ ಹೇಳ್ಬುಟ್ಟು ಬಂದೆ. ಇಪ್ಪತ್ತೆಂಟಕ್ಕೆ ಬತ್ತವೆ" ಎಂದ.

"ಯಾರನ್ನ ಕೇಳಿ ಹೇಳಿದ್ರಿ?"

"ನಿಂಗವ್ವ ಮುಖ ಸಣ್ಣದು ಮಾಡ್ಕಂಡಿತ್ತಲ್ಲೇ."

"ನಾನು ಮೂವತ್ತಾರು ವರ್ಷದಿಂದ ಮುಖ ಸಣ್ಣದು ಮಾಡ್ಕಂಡಿವ್ನಿ. ಒಂದಿನಾನಾದ್ರೂ ನೋಡಿದ್ದೀರಾ?"

ಅವನು ಟವೆಲು ಹೆಗಲಿಗೆ ಹಾಕಿಕೊಂಡು ಹಿತ್ತಿಲ ಕಡೆ ನಡೆದ. ಹುಳ ಇಪ್ಪತ್ತೆಂಟಕ್ಕೆ ಬಂದವು. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆಯಿಟ್ಟ ನಾನೂರು ಐನೂರು ಹುಳದ ಲೆಕ್ಕ, ಹುಳುಮನೆ ತುಂಬಿತು.

ಅಂಬುಜಮ್ಮ ಹೇಳಿದ ಹಾಗೆಯೇ ಆಯಿತು. ನವೆಂಬರ್ ಮೊದಲ ವಾರದಲ್ಲಿ ಜಿನುಗು ಮಳೆ ಹಿಡಿದುಕೊಂಡಿತು. ಸೊಪ್ಪು ಒದ್ದೆ, ಹುಳುಮನೆ ತಣ್ಣಗೆ. ಹುಳ ಸೊಪ್ಪಿನ ಮೇಲೆ ಮಂಕಾಗಿ ಬಿದ್ದಿರುತ್ತಿದ್ದವು. ಕಿತ್ತ ಸೊಪ್ಪನ್ನು ನಡುಮನೆಯಲ್ಲಿ ಹರಡಿ, ಸೀರೆ ಬಟ್ಟೆಯಿಂದ ಒರೆಸಿ ಒರೆಸಿ ಅಂಬುಜಮ್ಮನ ಭುಜ ಬಿದ್ದುಹೋಯಿತು. ಒಂದು ಜ್ವರದಿಂದ ಇನ್ನೊಂದಕ್ಕೆ ಮೂರು ದಿನದಲ್ಲಿ ಮುಗಿಯಬೇಕಾದ್ದು ಐದು ದಿನ ಎಳೆಯಿತು. ನಿಗೋರಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿನಲ್ಲಿ ಎಣಿಸುವುದು, ಮತ್ತೆ ಬಂದು ಹುಳ ನೋಡುವುದು, ಮತ್ತೆ ಕ್ಯಾಲೆಂಡರ್. ಅದನ್ನು ನೋಡಿ ನೋಡಿ ಅಂಬುಜಮ್ಮನಿಗೆ ರೇಗಿಹೋಯಿತು. "ನೀನು ನೋಡ್ದಂಗೆಲ್ಲ ಅವು ಒಂದು ದಿನ ಹಿಂದಕ್ಕೆ ಹೋಯ್ತವೆ ಕಣವ್ವ. ಸುಮ್ಕೆ ಅತ್ಲಾಗೆ ಹೋಗು!"

ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ ಕನಕಪುರದಲ್ಲಿ ಬೀಗರ ಔತಣವಿತ್ತು. ಜ್ವರಕ್ಕೆ ಕೂತರೆ ಹುಳ ತಲೆಯೆತ್ತಿ ಅಲ್ಲಾಡದೆ ಇರುತ್ತವೆ, ಹಳೆಯ ಚರ್ಮ ಬಿಟ್ಟು ಏಳುವ ತನಕ ಸೊಪ್ಪು ಬೇಡ. ಮನೆ ಬಿಟ್ಟು ಹೋಗಲು ಅದೊಂದೇ ಸಂದು. ಅಂಬುಜಮ್ಮ ಗಂಡನ ಜೊತೆ ಹೊರಟಳು. ಹೋಗುವಾಗ ನಿಗೋರಾಗೆ ಕೈ ಮುಗಿಯುವುದೊಂದು ಬಾಕಿ. "ಏನೂ ಮುಟ್ಬ್ಯಾಡ. ಏನೂ ಮಾಡ್ಬ್ಯಾಡ. ಬಾಗ್ಲು ತೆಗೀಬ್ಯಾಡ."

ಮಧ್ಯಾಹ್ನ ಮೂರಕ್ಕೆ ವಾಪಸು ಬಂದಾಗ ಹುಳುಮನೆಯ ಬಾಗಿಲ ಸಂದಿನಿಂದ ಬಿಸಿ ಗಾಳಿ ಬರುತ್ತಿತ್ತು. ಒಳಗೆ ಕಾಲಿಟ್ಟರೆ ಎರಡು ಮೂಲೆಯಲ್ಲಿ ಎರಡು ಕಬ್ಬಿಣದ ಬಾಣಲೆ, ಅದರ ತುಂಬ ನಿಗಿನಿಗಿ ಕೆಂಡ. ಒಂದು ಅಂಬುಜಮ್ಮ ಬೋಂಡ ಕರಿಯುವ ಬಾಣಲೆ. ನಡುವೆ ನಿಗೋರಾ ಮಣೆ ಹಾಕಿಕೊಂಡು ಕೂತು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಅಂಬುಜಮ್ಮನ ಕೂಗಿಗೆ ಪಕ್ಕದ ಮನೆಯ ದೊಡ್ಡಹನುಮಯ್ಯ ಬೇಲಿ ಹಾರಿ ಬಂದ, ಹಾವೇನಾದರೂ ಬಂತೇನೋ ಎಂದು.

"ಹೊಗೆ ಕುಡಿಸಿ ಸಾಯಿಸ್ತೀಯೇನೇ ನನ್ನ ಹುಳವ! ನಿನಗೆ ಏನಂತ ಹೇಳಿ ಹೋಗಿದ್ದೆ ನಾನು?"

ಹುಡುಗಿ ಎದ್ದು ನಿಂತಳು. "ಹೊಗೆ ಇಲ್ಲ ಅಕ್ಕ. ಹೊರಗೆ ಸುಟ್ಟೆ, ಹೊಗೆ ಪೂರಾ ಹೋಗೋಗಂಟ. ಆಮೇಲೆ ತಂದೆ. ಇಪ್ಪತ್ತೊಂದು ಡಿಗ್ರಿ ಇತ್ತು, ಈಗ ಇಪ್ಪತ್ತಾರು. ನಮ್ಮಜ್ಜಿ..."

"ನಿಮ್ಮಜ್ಜಿಯ ಹೆಸರು ಇನ್ನೊಂದು ಸಲ ಎತ್ತು, ನೋಡ್ತೀನಿ!"

ಬಾಣಲೆಗಳು ಅಂಗಳಕ್ಕೆ ಹೋದವು. ಆ ಸಂಜೆ ನಿಗೋರಾ ಮುದ್ದೆಯನ್ನು ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಳು. ಅವಳು ಬಿಟ್ಟದ್ದನ್ನು ಕಂಡು ಅಂಬುಜಮ್ಮನಿಗೆ ಮತ್ತಷ್ಟು ಸಿಟ್ಟು ಬಂತು. ತಾನೂ ತಿನ್ನದೆ ಎದ್ದಳು.

ಮರುದಿನ ಬೆಳಿಗ್ಗೆ ಹುಳುಮನೆಯ ಬಾಗಿಲು ತೆಗೆದರೆ, ಅಟ್ಟಣೆಯ ಈ ತುದಿಯಿಂದ ಆ ತುದಿಯವರೆಗೆ ಹುಳ ಒಟ್ಟಿಗೆ ಎದ್ದಿದ್ದವು. ಈ ಚಳಿಯಲ್ಲಿ ಏಳಲು ಇನ್ನೂ ಒಂದು ದಿನ ಬೇಕಿತ್ತು, ಎದ್ದರೂ ಅಲ್ಲೊಂದು ಇಲ್ಲೊಂದು ಏಳಬೇಕಿತ್ತು. ಎಲ್ಲವೂ ತಲೆಯೆತ್ತಿಕೊಂಡು ಸೊಪ್ಪಿಗೆ ಕಾಯುತ್ತಿದ್ದವು. ಅಂಬುಜಮ್ಮ ಸೊಂಟದ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಳು. ಹೇಳಿದ ಮಾತು ಮೀರಿದ್ದಕ್ಕೆ ಬೈಯುವುದು ನ್ಯಾಯ. ಬೆಳೆ ಒಳ್ಳೆಯದಾದ ಮೇಲೆ ಬೈಯುವುದು ಹೇಗೆ?

ಕೊನೆಗೆ ಹಿತ್ತಿಲಿಗೆ ಬಂದು, ಹಲ್ಲುಜ್ಜುತ್ತಿದ್ದ ಹುಡುಗಿಗೆ ಕೇಳುವಂತೆ ಬೇವಿನ ಮರಕ್ಕೆ ಹೇಳಿದಳು, "ಇವತ್ತೂ ಚಳಿ ಐತೆ. ಕೆಂಡ ಹಾಕೋರು ಹಾಕ್ಬೋದು. ಆದ್ರೆ ಬೋಂಡದ ಬಾಣಲೆ ಮುಟ್ಟಿದ್ರೆ ಕೈ ಮುರೀತೀನಿ."

ಹುಳ ಹದಿನೆಂಟಕ್ಕೆ ಹಣ್ಣಾದವು. ಮೈ ತಿಳಿಯಾಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ದಾರಿ ಹುಡುಕತೊಡಗಿದ ಹುಳಗಳನ್ನು ಆರಿಸಿ, ಬಿದಿರಿನ ಸುರುಳಿ ಹೆಣೆದ ಚಂದ್ರಿಕೆಗೆ ಬಿಟ್ಟಿದ್ದಾಯಿತು. ಅಲ್ಲಿ ಗೂಡು ಕಟ್ಟಿ ಮುಗಿಸಿ, ಒಳಗಿನ ಹುಳ ಗಟ್ಟಿಯಾಗಲು ಆರು ದಿನ ಬೇಕು. ಹದಿನೆಂಟಕ್ಕೆ ಆರು ಸೇರಿಸಿದರೆ ಇಪ್ಪತ್ನಾಲ್ಕು. ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಕಾರು. ಗೂಡು ಮಾರುಕಟ್ಟೆಗೆ ಹೋಗುವುದು ಅದರ ಮಾರನೆಯ ದಿನ.

"ಇಪ್ಪತ್ತೆರಡಕ್ಕೇ ಬಿಡಿಸ್ಬುಡಾನ," ಎಂದ ಕೃಷ್ಣಪ್ಪ. "ಎರಡು ದಿನದಲ್ಲಿ ಏನ್ ಮುಳುಗೋಯ್ತದೆ? ಇಪ್ಪತ್ಮೂರಕ್ಕೆ ನಿಂಗವ್ವನ್ನೂ ಕರ್ಕೊಂಡು ಮಾರ್ಕೆಟ್ಗೆ ಹೋಗ್ಬೋದು."

"ಹಸಿ ಗೂಡು ಬಿಡಿಸಿದ್ರೆ ಒಳಗಿನ ಹುಳ ಒಡೆದು ಕಪ್ಪು ಹತ್ತದ? ನಿಮಗೆ ಒಸಿನಾದ್ರೂ..."

ಅಂಬುಜಮ್ಮ ಮಾತು ಮುಗಿಸುವ ಮುಂಚೆ ನಿಗೋರಾ ಬಾಯಿ ಹಾಕಿದಳು. "ಬ್ಯಾಡ ಅಣ್ಣ. ಅಕ್ಕ ಸರಿ. ಹಸಿ ಬಿಡಿಸಿದ್ರೆ ನಮ್ಮಜ್ಜಿ ನನ್ನ ಹೊಡೀತಾರೆ. ಇಪ್ಪತ್ನಾಲ್ಕಕ್ಕೇ ಬಿಡಿಸಿ. ನಾನು ನೋಡ್ದಿದ್ರೂ ಪರವಾಗಿಲ್ಲ."

ಪರವಾಗಿಲ್ಲ ಎನ್ನುವಾಗ ಅವಳು ಕ್ಯಾಲೆಂಡರಿನ ಕಡೆ ನೋಡಲಿಲ್ಲ. ಅಂಬುಜಮ್ಮನಿಗೆ ಆ ಅಜ್ಜಿಯ ಮೇಲೆ ಮೊದಲ ಸಲ ಸ್ವಲ್ಪ ಗೌರವ ಮೂಡಿತು. ಅದನ್ನು ತೋರಿಸಿಕೊಳ್ಳದೆ, ಹದಿನಾರಕ್ಕೇ ಹಣ್ಣಾಗಿದ್ದ ಎಂಟು ಹತ್ತು ಹಿಡಿ ಹುಳವನ್ನು ಬೇರೆ ಚಂದ್ರಿಕೆಯಲ್ಲಿ ಇಟ್ಟಿದ್ದೆನಲ್ಲ, ಅಷ್ಟನ್ನು ಇಪ್ಪತ್ತೆರಡಕ್ಕೆ ಬಿಡಿಸಿ ರಾಮನಗರಕ್ಕೆ ಒಯ್ಯೋಣ ಎಂದಳು. ಮಾರುಕಟ್ಟೆಗಲ್ಲ; ಎಷ್ಟೋ ವರ್ಷದಿಂದ ಇವರ ಗೂಡು ಕೊಂಡು ಪರಿಚಯವಾಗಿದ್ದ ದಿಲ್ಶಾದ್ ಮನೆಗೆ. ದಿಲ್ಶಾದ್ ಮತ್ತು ಅವಳ ಗಂಡ ಮುಕ್ತಿಯಾರ್ ನೂಲು ಬಿಚ್ಚುವವರು. ಅಲ್ಲಿ ಕನಿಷ್ಠ ಎಳೆ ಬರುವುದನ್ನಾದರೂ ಹುಡುಗಿ ನೋಡಲಿ.

ಇಪ್ಪತ್ತೆರಡಕ್ಕೆ ಅಂಬುಜಮ್ಮ, ನಿಗೋರಾ ಇಬ್ಬರೂ ಬಸ್ಸು ಹತ್ತಿದರು. ದಿಲ್ಶಾದ್ ಬಿಸಿನೀರಿನಲ್ಲಿ ಗೂಡು ಬೇಯಿಸಿ, ಪುರಲೆಕಡ್ಡಿಯಿಂದ ತಟ್ಟಿ, ಕೂದಲಿಗಿಂತ ನವುರಾದ ಎಳೆಗಳನ್ನು ಒಟ್ಟುಗೂಡಿಸಿ ರಾಟೆಗೆ ಕೊಟ್ಟಳು. ತಾನು ಸೊಪ್ಪು ಒರೆಸಿ ಬೆಳೆಸಿದ ಹುಳದ ನೂಲು ಹಳದಿಯಾಗಿ ಸುತ್ತಿಕೊಳ್ಳುವುದನ್ನು ನಿಗೋರಾ ಉಸಿರು ಹಿಡಿದು ನೋಡಿದಳು. ಅಲ್ಲಿಯ ತನಕ ಎಲ್ಲ ಚೆನ್ನಾಗಿತ್ತು.

ಊಟಕ್ಕೆ ಎಬ್ಬಿಸಿದಾಗ ದಿಲ್ಶಾದ್ ನೆಲದ ಮೇಲೆ ಬಟ್ಟೆ ಹಾಸಿ, "ದಸ್ತರ್‌ಖಾನ್ ಹಾಕಿದೀನಿ, ಬನ್ನಿ" ಎಂದಳು. ನಿಗೋರಾ ಬೆಚ್ಚಿದಂತೆ ತಿರುಗಿದಳು. ಅವರಲ್ಲೂ ಅದೇ ಮಾತಂತೆ. ಬಟ್ಟಲಿಗೆ ಪಿಯಾಲಾ, ಅದೂ ಅದೇ. ಆಮೇಲೆ ಇಬ್ಬರೂ ಚಿಕ್ಕ ಮಕ್ಕಳ ಹಾಗೆ ಒಂದೊಂದೇ ಸಾಮಾನು ಮುಟ್ಟಿ ಹೆಸರು ಹೇಳುವುದು, ಸರಿ ಹೋದರೆ ಕೈ ತಟ್ಟುವುದು. ಕುರಿ ಮಾಂಸದ ಪಲಾವಿನ ಮೊದಲ ತುತ್ತು ಬಾಯಿಗಿಟ್ಟವಳೇ ನಿಗೋರಾ ಅಳತೊಡಗಿದಳು. ಮನೆಯ ಅನ್ನ ಹೀಗೇ ಇರುತ್ತದಂತೆ. ದಿಲ್ಶಾದ್ ಅವಳ ಬೆನ್ನು ಸವರಿದಳು.

ಅಂಬುಜಮ್ಮ ತಟ್ಟೆಯ ಮುಂದೆ ಕಲ್ಲಿನ ಹಾಗೆ ಕೂತಿದ್ದಳು. ಎರಡೂವರೆ ತಿಂಗಳು ಮುದ್ದೆ, ಬಸ್ಸಾರು, ಅವರೆಕಾಳು, ಭಾನುವಾರಕ್ಕೊಂದು ಕೋಳಿ. ಆ ಕೋಳಿಯನ್ನೂ ಇವಳಿಗಾಗಿ ಹಲಾಲ್ ಮಾಡುವ ಬಿಸ್ಮಿಲ್ಲಾ ಅಂಗಡಿಯಿಂದಲೇ ತರಿಸಿದ್ದಳು. ಒಂದು ದಿನ ಒಂದು ಹನಿ ಕಣ್ಣೀರಿಲ್ಲ. ಇಲ್ಲಿ ಒಂದು ತುತ್ತಿಗೆ ಹೊಳೆ.

ವಾಪಸು ಬಸ್ಸಿನಲ್ಲಿ ಅವಳು ಕಿಟಕಿಯ ಕಡೆಗೇ ಮುಖ ಮಾಡಿದಳು. ಬಹಳ ದೂರ ಬಂದ ಮೇಲೆ ನಿಗೋರಾ ಕೇಳಿದಳು, "ಸಿಟ್ಟಾ ಅಕ್ಕ?"

"ನಮ್ಮನೆ ಊಟ ರುಚಿ ಇಲ್ಲ ಅಂತ ಮೊದ್ಲೇ ಹೇಳ್ಬೋದಿತ್ತು."

ಹುಡುಗಿ ಪದ ಹುಡುಕಿದಳು. "ಅಲ್ಲ ಅಕ್ಕ. ಅಲ್ಲಿ ನಮ್ಮನೆ ನೆನಪು ಬಂತು, ಅದಕ್ಕೆ ಅತ್ತೆ. ನಿಮ್ಮನೇಲಿ ನನಗೆ ನಮ್ಮನೆ ನೆನಪೇ ಬರಲ್ಲ."

ಇದು ಹೊಗಳಿದ್ದೋ ತೆಗಳಿದ್ದೋ ಅಂಬುಜಮ್ಮನಿಗೆ ಕನಕಪುರ ಬರುವ ತನಕ ಬಗೆಹರಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಹುಡುಗಿಗೆ ಎರಡು ಮೊಳ ಕನಕಾಂಬರ ಕೊಡಿಸಿದಳು. ಮುಡಿಸುವಾಗ ಜಡೆಯನ್ನು ಬೇಕೆಂದೇ ಸ್ವಲ್ಪ ಜೋರಾಗಿ ಎಳೆದಳು.

ಇಪ್ಪತ್ಮೂರರ ದಿನವೆಲ್ಲ ಸೂಟ್‌ಕೇಸಿನದೇ ರಗಳೆ. ಇಪ್ಪತ್ಮೂರು ಕೆ.ಜಿ.ಗಿಂತ ಹೆಚ್ಚಿರಬಾರದೆಂದು ಜಯಕುಮಾರ ಫೋನಿನಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದ. ಊರಿನವರು ಒಬ್ಬೊಬ್ಬರಾಗಿ ಬಂದು ಕೊಟ್ಟುಹೋದದ್ದೇ ಹತ್ತು ಕೆ.ಜಿ. ಇತ್ತು. ದೊಡ್ಡಹನುಮಯ್ಯ ಒಂದು ಎಳನೀರಿನ ಗೊನೆ ತಂದಿದ್ದ. ವಿಮಾನದಲ್ಲಿ ಬಾಯಾರಿಕೆ ಆಗುತ್ತದಂತೆ. ಗೂಡು ತೂಗುವ ತಕ್ಕಡಿಗೆ ಸೂಟ್‌ಕೇಸು ನೇತುಹಾಕುವುದು, ಇಳಿಸುವುದು, ಹುರಿಟ್ಟು ತೆಗೆಯುವುದು, ಹುರುಳಿಕಾಳು ಹಾಕುವುದು. ಈ ನಡುವೆ, ಚನ್ನಪಟ್ಟಣಕ್ಕೆ ಹೋಗಿ ಅಂಗೈಯಲ್ಲಿ ಹಿಡಿಯುವಂಥ ಒಂದು ಗೊಂಬೆ ತನ್ನಿ ಎಂದು ಅಂಬುಜಮ್ಮ ಕಳಿಸಿದ್ದ ಕೃಷ್ಣಪ್ಪ ಮಧ್ಯಾಹ್ನ ಬಂದ. ಹೆಗಲ ಮೇಲೆ ಮರದ ಕುದುರೆ. ಮಕ್ಕಳು ಹತ್ತಿ ತೂಗಾಡುವಂಥದು, ಕೆಂಪು ಅರಗಿನ ಬಣ್ಣ ಫಳಫಳ ಹೊಳೆಯುತ್ತಿತ್ತು.

"ಅಂಗೈಲಿ ಹಿಡಿಯೋದು ಅಂದಿದ್ದೆ."

"ಚಿಕ್ಕವು ಇದ್ವು. ಚೆನ್ನಾಗಿರ್ನಿಲ್ಲ."

"ಇದ ಹತ್ಕಂಡು ಹೋಗ್ತಾಳಾ ಅವ್ರೂರ್ಗೆ?"

ನಿಗೋರಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಕೃಷ್ಣಪ್ಪನಿಗೆ ನಿಜವಾಗಿಯೂ ನೋವಾಗಿತ್ತು. ಹುಡುಗಿ ಕುದುರೆಯ ಮೇಲೆ ಕೂತು, ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋ ತೆಗೆಸಿಕೊಂಡ ಮೇಲೆ ಸಮಾಧಾನವಾಯಿತು.

ಇಪ್ಪತ್ನಾಲ್ಕರ ಬೆಳಿಗ್ಗೆ ಆರಕ್ಕೆ ಗೂಡು ಬಿಡಿಸಲು ಹೆಂಗಸರು ಬಂದರು. ಹೊರಡುವ ದಿನ ಹಾಯಾಗಿ ಕೂರು ಎಂದರೆ ನಿಗೋರಾ ಕೇಳಲಿಲ್ಲ. ಎಲ್ಲರಿಗಿಂತ ಮೊದಲು ಚಂದ್ರಿಕೆಯ ಮುಂದೆ ಕೂತು ಒಂದೊಂದೇ ಗೂಡು ಬಿಡಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬುಟ್ಟಿಗೆ ಹಾಕಿದಳು. ಒಂಬತ್ತೂವರೆಗೆ ಜಯಕುಮಾರನ ಕಾರು ಬಂತು. ಅರ್ಧ ಗೂಡು ಇನ್ನೂ ಚಂದ್ರಿಕೆಯಲ್ಲೇ ಇತ್ತು. ಅವಳು ಎದ್ದಳು. ಬೆರಳಿಗೆ ಅಂಟಿದ ರೇಷ್ಮೆಯ ಜುಂಗನ್ನು ಒರೆಸಿಕೊಳ್ಳಲಿಲ್ಲ.

ದಾರಿಗೆಂದು ಅಂಬುಜಮ್ಮ ರಾಗಿರೊಟ್ಟಿ ಸುಟ್ಟು ಕಟ್ಟಿದ್ದಳು. ಹುಡುಗಿ ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು, ಅಂಚಿನಲ್ಲಿ ಚೂರೇ ಚೂರು ಕಚ್ಚಿ, ಉಳಿದದ್ದನ್ನು ಎರಡೂ ಕೈಯಲ್ಲಿ ಅಂಬುಜಮ್ಮನಿಗೆ ಚಾಚಿದಳು.

"ಇದ ಇಟ್ಕೋ ಅಕ್ಕ. ನಾನು ವಾಪಸ್ ಬರೋಗಂಟ."

"ಏನು? ಎಂಜಲು ರೊಟ್ಟಿಯಾ? ಥೂ, ಎಂಜಲ ಯಾರಾದ್ರೂ ಮನೇಲಿಟ್ಕೋತಾರೇನೆ?"

"ನಮ್ಮಲ್ಲಿ ಇಡ್ತಾರೆ. ದೂರ ಹೋಗೋರು ಕಚ್ಚಿ ಹೋಯ್ತಾರೆ. ಮಿಕ್ಕಿದ್ದ ಮನೇಲಿ ಮಡಗ್ತಾರೆ. ಬಂದು ಅದ ತಿನ್ಬೇಕು, ಅದಕ್ಕೇ ಬಂದೇ ಬತ್ತಾರೆ. ನಾನು ಇಲ್ಲಿಗೆ ಬರುವಾಗ ನಮ್ಮಜ್ಜಿ ಇಟ್ಟವ್ರೆ."

ಕಾರು ಹಾರ್ನ್ ಹೊಡೆಯುತ್ತಿತ್ತು. ಗೂಡು ಬಿಡಿಸುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಕೃಷ್ಣಪ್ಪ ಮೂಗೊರೆಸಿಕೊಳ್ಳುತ್ತ, "ಇಸ್ಕಳೆ, ಮಗ ಕೊಡ್ತಾ ಅದೆ" ಎಂದ. ಅಂಬುಜಮ್ಮ ಸೆರಗಿನಲ್ಲಿ ರೊಟ್ಟಿ ಇಸಿದುಕೊಂಡಳು. ಹುಡುಗಿ ಅವಳನ್ನು ಗಟ್ಟಿಯಾಗಿ ತಬ್ಬಿದಾಗ ಸೆರಗಿನೊಳಗೇ ಅದು ಎರಡು ತುಂಡಾಯಿತು.

"ಹೋಗು ಹೋಗು, ಹೊತ್ತಾಯ್ತದೆ. ಹೋದ್ಮೇಕೆ ಫೋನ್ ಮಾಡು. ಹೊಟ್ಟೆಗೆ ಸರಿಯಾಗಿ ತಿನ್ನು." ಇನ್ನೂ ಏನೇನೋ ಹೇಳಬೇಕಿತ್ತು. ಕಾರು ತಿರುವಿನಲ್ಲಿ ಮರೆಯಾದ ಮೇಲೆ, ಕೆಲಸ ನಿಲ್ಲಿಸಿದ್ದ ಹೆಂಗಸರ ಮೇಲೆ ಹರಿಹಾಯ್ದಳು, ಕೂಲಿ ಕೊಡುವುದು ದಾರಿ ನೋಡುವುದಕ್ಕಾ ಎಂದು.

ಗೂಡು ಎಂಬತ್ತೊಂದು ಕೆ.ಜಿ. ಆಯಿತು. ನೂರು ಮೊಟ್ಟೆಗೆ ಆ ವರ್ಷ ಊರಿನಲ್ಲಿ ಯಾರಿಗೂ ಅಷ್ಟು ಬಂದಿರಲಿಲ್ಲ.

ಹದಿನೈದು ದಿನದ ಮೇಲೆ ನಿಗೋರಾಳ ವಿಡಿಯೋ ಕಾಲ್ ಬಂತು. ಅಂಬುಜಮ್ಮ ಒಲೆಯ ಮೇಲೆ ಎಸರಿಟ್ಟಿದ್ದಳು. ಪರದೆಯ ಮೇಲೆ ಹುಡುಗಿ, ಪಕ್ಕದಲ್ಲಿ ತಲೆಗೆ ಹೂವಿನ ಚೌಕ ಕಟ್ಟಿದ ಒಬ್ಬ ಮುದುಕಿ. ಆ ಅಜ್ಜಿಯೇ. ಅಜ್ಜಿಯ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ: ಎಷ್ಟು ಕೆ.ಜಿ., ಎಷ್ಟು ಗೂಡು ಕಪ್ಪಾಗಿತ್ತು, ಕೆಂಡ ಎಷ್ಟು ದಿನ ಹಾಕಿದಿರಿ. ಮೊಮ್ಮಗಳು ಕನ್ನಡಕ್ಕೆ ತಿರುಗಿಸುವುದು, ಅಂಬುಜಮ್ಮ ಉತ್ತರ ಕೊಡುವುದು. ಎಸರು ಉಕ್ಕಿ ಒಲೆಯೆಲ್ಲ ಹರಿಯಿತು. ಕೊನೆಗೆ ಹುಡುಗಿ ಕೇಳಿದಳು, "ಅಕ್ಕ, ರೊಟ್ಟಿ ಐತಾ?"

"ಐತೆ ಐತೆ. ಅಟ್ಟದ ಮೇಲೈತೆ. ಈಗ ಏಣಿ ಹತ್ತಕಾಗಕಿಲ್ಲ, ಸೊಂಟ ನೋವು."

ಫೋನ್ ಇಟ್ಟ ಮೇಲೆ ಕೃಷ್ಣಪ್ಪ ಬಾಗಿಲಿಗೊರಗಿ ನಿಂತು ಕೇಳಿದ, "ಅಟ್ಟದ ಮೇಲೆ ಎಲ್ಲೈತೆ? ಮೊನ್ನೆ ಇಲಿ ತಿಂದೋಯ್ತು ಅಂತ ನೀನೇ ಅತ್ತೆಯಲ್ಲ?"

"ನಾನೆಲ್ಲಿ ಅತ್ತೆ? ಒಲೆ ಹೊಗೆ ಅದು."

"ಹೋಗ್ಲಿ. ಆ ಮಗ ಬಂದು ಕೇಳಿದ್ರೆ ಏನ್ ಕೊಡ್ತೀಯ?"

"ಬ್ಯಾರೆ ರೊಟ್ಟಿ ಸುಟ್ಟು ಕೊಡ್ತೀನಿ."

"ಕಚ್ಚಿದ ಗುರುತು?"

ಅಂಬುಜಮ್ಮ ಒಲೆ ಒರೆಸುತ್ತಿದ್ದ ಮಸಿಬಟ್ಟೆಯನ್ನು ಅವನ ಕಡೆಗೆ ಎಸೆದಳು. "ಹಲ್ಲು ನಿಮಗಿಲ್ವಾ? ಒಂದು ಕಚ್ಚಿ ಕೊಡಿ. ಇಷ್ಟು ದಿನ ನನ್ನ ಪ್ರಾಣ ತಿಂದಿಲ್ವಾ, ಒಂದು ರೊಟ್ಟಿ ಕಚ್ಚಕ್ಕೇನು!"

ಎಂದವಳು ಕುಡುಗೋಲು ತೆಗೆದುಕೊಂಡು ತೋಟಕ್ಕೆ ನಡೆದಳು. ಹೊಸ ಹುಳ ಬಂದು ಎರಡು ದಿನವಾಗಿತ್ತು, ಹೊತ್ತಿಗೆ ಸರಿಯಾಗಿ ಸೊಪ್ಪು ಬೇಕಿತ್ತು.